ತಂಗಿ ಕುಡಿತ ಬಿಟ್ಟಿದ್ದಾಳೆ, ಮಕ್ಕಳ ಜೊತೆ ಎಲ್ಲಿರಬೇಕು?

ಪ್ರಶ್ನೆ: ನಾನು ತುಮಕೂರಿನವಳು. ನನ್ನ ತಂಗಿಗೆ 31 ವರ್ಷ, ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ನಾಲ್ಕೈದು ವರ್ಷದಿಂದ ಕುಡಿತಕ್ಕೆ ಬಿದ್ದಿದ್ದಳು. ಗಂಡನೂ ಕುಡಿಯುತ್ತಾನೆ, ಹೊಡೆಯುತ್ತಾನೆ. ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿದ್ದೇವೆ. ಮುಂದಿನ ವಾರ ಡಿಸ್ಚಾರ್ಜ್. ಮಗಳಿಗೆ 8 ವರ್ಷ, ಮಗನಿಗೆ ಎರಡೂವರೆ. ಇಬ್ಬರೂ ಸದ್ಯಕ್ಕೆ ನಮ್ಮ ಮನೆಯಲ್ಲಿದ್ದಾರೆ. ನಮ್ಮ ಅತ್ತೆ ‘ಮಕ್ಕಳು ಇರಲಿ, ಅವಳು ಬೇಡ’ ಅಂತಾರೆ. ತವರಲ್ಲಿ ತಮ್ಮ ದಿನಾ ಕುಡಿದು ಬರುತ್ತಾನೆ. ಕುಡಿತ ಬಿಟ್ಟ ಹೆಂಗಸರು ಮಕ್ಕಳನ್ನು ಇಟ್ಟುಕೊಂಡು ಇರುವಂಥ ಹಾಸ್ಟೆಲ್ ಥರದ ಜಾಗ ಎಲ್ಲಾದರೂ ಇದೆಯಾ? ಬೇರೆ ಮನೆ ಮಾಡಿಕೊಟ್ಟರೆ ಓನರ್‌ಗೆ ವಿಷಯ ಹೇಳಬೇಕಾ? ಅವಳು ಮತ್ತೆ ಕುಡಿದರೆ ಮಕ್ಕಳ ಗತಿ ಏನು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಮನೆ ಹುಡುಕುವಾಗ ಎಲ್ಲರೂ ‘ಇಲ್ಲಿದ್ದರೆ ಇವಳು ಕುಡಿಯದೆ ಇರ್ತಾಳಾ?’ ಅಂತ ನೋಡುತ್ತಾರೆ. ಅದಕ್ಕೆ ಯಾವ ಮನೆಯೂ, ಯಾವ ಡಾಕ್ಟರೂ ಗ್ಯಾರಂಟಿ ಕೊಡಲಾರರು. ಚಿಕಿತ್ಸೆ ತೆಗೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ವರ್ಷದಲ್ಲಿ ಒಂದಲ್ಲ ಒಂದು ಸಲ ಮತ್ತೆ ಕುಡಿಯುತ್ತಾರೆ. ಮೊದಲ ಮೂರು ತಿಂಗಳಂತೂ ತುಂಬಾ ನಾಜೂಕು. ಹಾಗಂತ ಚಿಕಿತ್ಸೆ ದಂಡ ಅಂತಲ್ಲ. ಅವರಲ್ಲಿ ಎಷ್ಟೋ ಜನ ಎರಡನೇ ಸಲಕ್ಕೋ ಮೂರನೇ ಸಲಕ್ಕೋ ಪೂರ್ತಿ ಬಿಡುತ್ತಾರೆ. ಅದಕ್ಕೇ ನಾನು ಯಾವ ಜಾಗ ನೋಡಿದರೂ ಮೊದಲು ಕೇಳುವುದು ಒಂದೇ: ಅವಳು ಕುಡಿದ ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆ? ಇದಕ್ಕೆ ನೇರ ಉತ್ತರ ಇದ್ದರೆ ಆ ಮನೆ ಪರವಾಗಿಲ್ಲ. ‘ಅಯ್ಯೋ, ಹಾಗೆಲ್ಲ ಆಗಲ್ಲ ಬಿಡಿ’ ಅಂತ ಹೇಳುವ ಜಾಗದಲ್ಲಿ ಮಕ್ಕಳನ್ನು ಬಿಡಬೇಡಿ. ಅದು ಎಷ್ಟೇ ಚೊಕ್ಕವಾಗಿದ್ದರೂ, ಗೋಡೆ ತುಂಬಾ ದೇವರ ಫೋಟೋ ಇದ್ದರೂ ಸರಿ.

ಈಗ ನೀವು ಕೇಳಿದ ಹಾಸ್ಟೆಲ್ ವಿಷಯ. ಬೇರೆ ದೇಶಗಳಲ್ಲಿ ಇಂಥವು ಇವೆ. ಅಮೆರಿಕದ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ 1975ರಲ್ಲಿ ಸರ್ಕಾರಿ ಆರೈಕೆ ಮನೆಯೊಂದು ಮುಚ್ಚುವ ಹೊತ್ತಿಗೆ, ಅಲ್ಲಿದ್ದ ಪಾಲ್ ಮೊಲಾಯ್ ಮತ್ತು ಜೊತೆಯವರು ಆ ಮನೆಯನ್ನು ತಾವೇ ಬಾಡಿಗೆಗೆ ಹಿಡಿದರು. ಆಕ್ಸ್‌ಫರ್ಡ್ ಹೌಸ್ ಅಂತ ಹೆಸರಿಟ್ಟರು. ವಾರ್ಡನ್ ಇಲ್ಲ, ಮ್ಯಾನೇಜರ್ ಇಲ್ಲ. ಬಾಡಿಗೆ ಹಂಚಿಕೊಳ್ಳಬೇಕು, ತೀರ್ಮಾನ ವೋಟು ಹಾಕಿ ಆಗಬೇಕು, ಕುಡಿದವರು ಆಗಿಂದಾಗಲೇ ಮನೆ ಬಿಡಬೇಕು. ಈಗ ಅಂಥ ಮನೆಗಳು ಸಾವಿರಾರಿವೆ. ಕೆಲವು ತಾಯಿ-ಮಕ್ಕಳಿಗೆ ಅಂತಲೇ ಇವೆ. ಇಲಿನಾಯ್‌ನಲ್ಲಿ ಚಿಕಿತ್ಸೆ ಮುಗಿಸಿದ 150 ಜನರನ್ನು ಎರಡು ಗುಂಪು ಮಾಡಿ, ಎರಡು ವರ್ಷ ಬಿಟ್ಟು ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎಂದಿನ ಫಾಲೋಅಪ್ ವ್ಯವಸ್ಥೆಗೆ ಹೋದವರಲ್ಲಿ ಶೇಕಡ 65ರಷ್ಟು ಜನ ಮತ್ತೆ ಚಟಕ್ಕೆ ಬಿದ್ದಿದ್ದರು. ಈ ಮನೆಗಳಿಗೆ ಹೋದವರಲ್ಲಿ ಶೇಕಡ 31. ಡಿಸ್ಚಾರ್ಜ್ ಆದಮೇಲೆ ಎಲ್ಲಿರುತ್ತಾರೆ ಅನ್ನುವುದೂ ಔಷಧದಷ್ಟೇ ಮುಖ್ಯ ಅಂತ ನಾವು ಬಾಯಿ ಬಡಿದುಕೊಳ್ಳುವುದು ಇದಕ್ಕೇ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಟ್ರೆವಿ ಎಂಬ ಸಂಸ್ಥೆ ತಾಯಂದಿರನ್ನು ಮಕ್ಕಳ ಸಮೇತ ಇಟ್ಟುಕೊಂಡೇ ಚಿಕಿತ್ಸೆ ಕೊಡುತ್ತದೆ.

ಆದರೆ ಆಕ್ಸ್‌ಫರ್ಡ್ ಹೌಸ್‌ನ ಆ ಕೊನೆಯ ನಿಯಮ ನೋಡಿ. ಒಂಟಿ ಆಳು ಕುಡಿದರೆ ಬ್ಯಾಗ್ ಕೊಟ್ಟು ಹೊರಗೆ ಕಳಿಸಬಹುದು. ಎರಡೂವರೆ ವರ್ಷದ ಮಗುವನ್ನು ಎತ್ತಿಕೊಂಡ ಅಮ್ಮನನ್ನು ರಾತ್ರಿ ಹತ್ತಕ್ಕೆ ಬೀದಿಗೆ ಬಿಡಲಿಕ್ಕಾಗುತ್ತಾ? ಹಾಗಾಗಿ ಮಕ್ಕಳಿರುವ ಮನೆಗೆ ಇನ್ನೊಂದು ನಿಯಮ ಮೊದಲೇ ಬೇಕು. ಆ ಮಾತಿಗೆ ಆಮೇಲೆ ಬರ್ತೀನಿ.

ನಮ್ಮಲ್ಲಿ ಇಂಥ ಮನೆಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 2019ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕುಡಿಯುವವರು ಗಂಡಸರಲ್ಲಿ ಶೇಕಡ 27.3, ಹೆಂಗಸರಲ್ಲಿ ಶೇಕಡ 1.6. ಹೀಗಾಗಿ ಡಿ-ಅಡಿಕ್ಷನ್ ಸೆಂಟರ್‌ಗಳೂ ಮದ್ಯವರ್ಜನ ಶಿಬಿರಗಳೂ ಬಹುಮಟ್ಟಿಗೆ ಗಂಡಸರಿಗಾಗಿಯೇ ಹುಟ್ಟಿಕೊಂಡವು. ಹೆಂಗಸರು ಹೇಳಿಕೊಳ್ಳುವುದೂ ಕಡಿಮೆ ಅನ್ನಿ. ಗಂಡ ಕುಡಿದರೆ ‘ಪಾಪ, ಅವಳ ಹಣೆಬರಹ’ ಅನ್ನುವ ಬೀದಿ, ಹೆಂಡತಿ ಕುಡಿದರೆ ಏನನ್ನುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇರುವ ಸರ್ಕಾರಿ ಜಾಗಗಳು ಎರಡು ಥರ. ಒಂದು, ‘ಸಖಿ’ ಒನ್ ಸ್ಟಾಪ್ ಸೆಂಟರ್. ಜಿಲ್ಲೆಗೊಂದಾದರೂ ಇರುತ್ತದೆ, ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯ ಆವರಣದಲ್ಲೋ ಹತ್ತಿರದಲ್ಲೋ. ಹೊಡೆತ ತಿಂದು ರಾತ್ರೋರಾತ್ರಿ ಹೊರಬಿದ್ದ ಹೆಂಗಸಿಗೆ ಮಕ್ಕಳ ಸಮೇತ ಜಾಗ ಸಿಗುತ್ತದೆ, ಆದರೆ ಐದು ದಿನದ ಮಟ್ಟಿಗೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ. ಎರಡು, ಮೊದಲು ಸ್ವಾಧಾರ ಗೃಹ ಅಂತಿದ್ದು ಈಗ ಶಕ್ತಿ ಸದನ ಆಗಿರುವ ಮನೆಗಳು. ಇಲ್ಲಿ ತಿಂಗಳುಗಟ್ಟಲೆ ಇರಬಹುದು, ಮಕ್ಕಳನ್ನೂ ಇಟ್ಟುಕೊಳ್ಳಬಹುದು. ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ, ನಿಮ್ಮ ತಂಗಿಯ ಮಗ ಚಿಕ್ಕವನಾದ್ದರಿಂದ ತೊಂದರೆಯಿಲ್ಲ. ತೊಂದರೆ ಬೇರೆ ಕಡೆ ಇದೆ. ಕುಡಿತದ ವಿಷಯ ಕಿವಿಗೆ ಬಿದ್ದರೆ ಸೇರಿಸಿಕೊಳ್ಳಲು ಹಿಂಜರಿಯುವವರನ್ನು ನೋಡಿದ್ದೇನೆ. ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ. ಡಿಸ್ಚಾರ್ಜ್ ಸಮ್ಮರಿ ಜೊತೆ ‘ಚಿಕಿತ್ಸೆ ಮುಗಿದಿದೆ, ಇಂಥಿಂಥ ದಿನ ಫಾಲೋಅಪ್ ಇದೆ’ ಅಂತ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ನಿಮ್ಮ ತಾಲ್ಲೂಕಿನ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅವರನ್ನು ನೀವೇ ಹೋಗಿ ನೋಡಿ. ಕೌಟುಂಬಿಕ ದೌರ್ಜನ್ಯದ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಅವರೇ ಸಂರಕ್ಷಣಾಧಿಕಾರಿ.

ಖಾಸಗಿ ಸೆಂಟರ್‌ಗಳ ಬಗ್ಗೆ ಎರಡು ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ. ‘ಆರು ತಿಂಗಳು ನಮ್ಮಲ್ಲಿ ಬಿಡಿ, ನೋಡೋಕೆ ಬರಬೇಡಿ, ಸರಿ ಮಾಡಿ ಕಳಿಸ್ತೀವಿ’ ಅನ್ನುವ ಜಾಗಗಳಿವೆ. ಕುಡಿತ, ಮಾದಕ ವಸ್ತುಗಳಿಂದ ಬರುವ ಕಾಯಿಲೆಗಳೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಕೆಳಗೇ ಬರುತ್ತವೆ. ಅಂಥ ಸೆಂಟರ್‌ಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಮೆಟ್ಟಿಲು ಇಳಿದುಬಿಡಿ. ಸರಪಳಿ ಹಾಕಿ ಕಟ್ಟುವಂತಿಲ್ಲ. ತಾನಾಗಿ ಬಂದು ಸೇರಿದವಳನ್ನು ಬಲವಂತವಾಗಿ ಕೂಡಿಹಾಕುವಂತಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಸಾಲಿದೆ, ಇದು ಆಸ್ಪತ್ರೆಯವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯ ಅನ್ನಿಸಿದರೆ ಡಾಕ್ಟರು ಸ್ವಲ್ಪ ಕಾಲ ದೂರ ಇಡಬಹುದು. ಆಗಲೂ ಯಾರಾದರೂ ಜೊತೆಗಿದ್ದು ತಾಯಿಗೆ ಮಗುವನ್ನು ತೋರಿಸುತ್ತಿರಬೇಕು, ದೂರ ಇಟ್ಟದ್ದು ಇನ್ನೂ ಬೇಕಾ ಅಂತ 15 ದಿನಕ್ಕೊಮ್ಮೆ ನೋಡಬೇಕು, ಒಂದೇ ಸಮ 30 ದಿನ ಮೀರಿದರೆ ಪ್ರಾಧಿಕಾರದ ಒಪ್ಪಿಗೆ ಬೇಕು. ನಿಮ್ಮ ತಂಗಿಯ ಮಗನಿಗೆ ಎರಡೂವರೆ. ನಾಳೆ ಮತ್ತೆ ಸೇರಿಸಬೇಕಾಗಿ ಬಂದರೆ ಈ ಮಾತು ಎತ್ತಿ. ‘ನಮ್ಮಲ್ಲಿ ಅದಕ್ಕೆ ವ್ಯವಸ್ಥೆ ಇಲ್ಲಮ್ಮ’ ಅನ್ನಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಘಟಕ ಇದೆ. ಅದು ಬಾಣಂತನದಲ್ಲಿ ಮಾನಸಿಕ ಕಾಯಿಲೆ ಬಂದವರಿಗಾಗಿ ಮಾಡಿದ್ದು, ಕುಡಿತಕ್ಕಲ್ಲ. ಆದರೂ ತಾಯಿ-ಮಗುವನ್ನು ಒಟ್ಟಿಗೆ ಇಟ್ಟು ನೋಡಿಕೊಳ್ಳುವುದು ನಮ್ಮ ಕೈಲಾಗದ ಕೆಲಸವೇನಲ್ಲ ಅಂತ ಅದು ತೋರಿಸಿದೆ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಸಂದರ್ಭಕ್ಕೆ ನನಗೆ ಸರಿ ಅನ್ನಿಸುವುದು ಬಾಡಿಗೆ ಮನೆಯೇ. ನಿಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ ಇರಬೇಕು. ಆದರೆ ಮಕ್ಕಳನ್ನು ಮೊದಲ ದಿನವೇ ಪೂರ್ತಿ ಅವಳ ಕೈಗೆ ಕೊಡಬೇಡಿ. ಇದನ್ನು ಶಿಕ್ಷೆ ಅಂತ ಅವಳು ತಿಳಿದುಕೊಳ್ಳಬಾರದು, ಅದಕ್ಕೆ ಆಸ್ಪತ್ರೆಯಲ್ಲೇ, ಸೋಷಿಯಲ್ ವರ್ಕರ್ ಎದುರಿಗೇ ಮಾತಾಡಿಕೊಳ್ಳಿ. ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಬರುವುದಿಲ್ಲ. ಸಣ್ಣದಕ್ಕೆಲ್ಲ ರೇಗುತ್ತದೆ. ರಾತ್ರಿ ಎರಡು ಗಂಟೆಗೆ ಎರಡೂವರೆ ವರ್ಷದ ಮಗು ಹಟ ಹಿಡಿದು ಅತ್ತರೆ ನಮಗೂ ನಿಮಗೂ ತಡೆಯುವುದಿಲ್ಲ. ಮೊದಲ ಎರಡು ಮೂರು ವಾರ ಮಕ್ಕಳು ಹಗಲು ಅವಳ ಜೊತೆ, ರಾತ್ರಿ ನಿಮ್ಮ ಮನೆಯಲ್ಲಿ. ಆಮೇಲೆ ವಾರಕ್ಕೆರಡು ರಾತ್ರಿ ಅಲ್ಲಿ, ಆಮೇಲೆ ಪೂರ್ತಿ. ನಿಮ್ಮ ಅತ್ತೆ ಹೇಳಿದ ಮಾತನ್ನೂ ಇದಕ್ಕೇ ಬಳಸಿಕೊಳ್ಳಬಹುದು. ‘ಮಕ್ಕಳು ಇರಲಿ’ ಅಂದಿದ್ದಾರಲ್ಲ, ಅದು ಸಣ್ಣ ಮಾತಲ್ಲ. ಅವಳನ್ನು ಒಳಗೆ ಬಿಟ್ಟುಕೊಳ್ಳಲಿ ಅಂತ ಈಗಲೇ ಜಗಳಕ್ಕೆ ಇಳಿಯಬೇಡಿ.

ಮನೆ ನೋಡುವಾಗ ಗಾಳಿ ಬೆಳಕಿನ ಜೊತೆ ದಾರಿಯನ್ನೂ ನೋಡಿ. ಮಗಳ ಶಾಲೆ, ಬಸ್ ಸ್ಟಾಪ್, ರೇಷನ್ ಅಂಗಡಿ, ಈ ಮೂರಕ್ಕೂ ಹೋಗುವ ದಾರಿಯಲ್ಲಿ ಬಾರೋ ಎಂಆರ್‌ಪಿ ಅಂಗಡಿಯೋ ಇದೆಯಾ? ಟೆಟ್ರಾ ಪ್ಯಾಕನ್ನು ಕದ್ದು ಮಾರುವ ಕಿರಾಣಿ ಅಂಗಡಿಗಳು ಊರೂರಲ್ಲಿ ಇವೆ, ಅಕ್ಕಪಕ್ಕದಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ವಠಾರದ ಮನೆ ಸಿಕ್ಕರೆ ಒಳ್ಳೆಯದು. ಒಂಟಿ ಮನೆಗಿಂತ ನಾಲ್ಕು ಜನ ಓಡಾಡುವ ಕಡೆ ಇರುವುದು ಮಕ್ಕಳಿಗೂ ಕ್ಷೇಮ. ಆದರೆ ಪಕ್ಕದ ಮನೆಯಲ್ಲಿ ಸಂಜೆಯಾದರೆ ಬಾಟಲಿ ಬಿಚ್ಚುವವರಿದ್ದರೆ ಬೇಡ. ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಇರಲಿ, ಗಂಡ ಬಂದು ಬಾಗಿಲು ಬಡಿಯುವ ದಿನ ಬರಬಹುದು. ಒಂದು ಬೀಗದ ಕೈ ನಿಮ್ಮ ಹತ್ತಿರ ಇರಬೇಕು. ಇದು ಅವಳಿಗೂ ಗೊತ್ತಿರಬೇಕು, ಕದ್ದು ಮಾಡಿಸಿದ್ದಾಗಬಾರದು.

ಮನೆಯೊಳಗೆ ಕುಡಿತದ ಒಂದು ಹನಿಯೂ ಇರಬಾರದು. ನೆಂಟರಿಗೆ, ಹಬ್ಬಕ್ಕೆ, ತಮ್ಮನಿಗೆ, ಯಾರಿಗೂ ರಿಯಾಯಿತಿ ಇಲ್ಲ. ಯಾರೂ ಲೆಕ್ಕಕ್ಕಿಡದ ಇನ್ನೊಂದು ಇದೆ. ಅಮ್ಮ ಪ್ರೀತಿಯಿಂದ ‘ಶಕ್ತಿ ಬರಲಿ’ ಅಂತ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ತಂದುಕೊಡುತ್ತಾರೆ. ಅರಿಷ್ಟ, ಆಸವಗಳೆಲ್ಲ ಹುದುಗಿಸಿ ಮಾಡಿದವು, ಅವುಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇರುತ್ತದೆ. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಂ ಮಾತ್ರೆಯನ್ನು ಅವಳಿಗೆ ಬರೆದುಕೊಟ್ಟಿದ್ದರೆ ಇವುಗಳಿಂದಲೂ ಮುಖ ಕೆಂಪಾಗಿ, ವಾಂತಿ ಬಂದು, ಎದೆ ಹೊಡೆದುಕೊಳ್ಳಬಹುದು. ಮಾತ್ರೆ ವಿಷಯ ಬಂದಿದ್ದಕ್ಕೆ ಹೇಳ್ತೀನಿ: ‘ಗೊತ್ತಾಗದ ಹಾಗೆ ಸಾರಿಗೆ ಹಾಕಿ’ ಅಂತ ಮಾರುವ ಕುಡಿತ ಬಿಡಿಸುವ ಪುಡಿಯನ್ನು ದಯವಿಟ್ಟು ತರಬೇಡಿ. ಗೊತ್ತಿಲ್ಲದೆ ತಿಂದು, ಮೇಲೆ ಕುಡಿದರೆ ಜೀವಕ್ಕೇ ಅಪಾಯ. ಅದಕ್ಕಿಂತ ಮೊದಲು, ಅವಳಿಗೆ ನಿಮ್ಮ ಮೇಲಿರುವ ನಂಬಿಕೆ ಹೋಗುತ್ತದೆ. ಅವಳ ಮಾತ್ರೆಗಳೆಲ್ಲ ಮಗುವಿಗೆ ಎಟುಕದ ಕಡೆ, ಬೀಗ ಹಾಕಿದ ಡಬ್ಬದಲ್ಲಿರಲಿ. ನಿದ್ದೆ ಮಾತ್ರೆಯನ್ನು ಮೆಡಿಕಲ್ ಅಂಗಡಿಯಿಂದ ತಾನೇ ತಂದು ನುಂಗುವ ಅಭ್ಯಾಸ ಬೇಡವೇ ಬೇಡ, ಒಂದು ಚಟ ಹೋಗಿ ಇನ್ನೊಂದು ಬಂದು ಕೂರುತ್ತದೆ.

ಈಗ ಆ ನಿಯಮ. ಡಿಸ್ಚಾರ್ಜ್‌ಗೆ ಮೊದಲೇ ತಂಗಿ, ನೀವು, ಆಸ್ಪತ್ರೆಯ ಸೋಷಿಯಲ್ ವರ್ಕರ್ ಕೂತು ಒಂದು ಹಾಳೆ ಬರೆಯಿರಿ. ಅವಳ ಕೈಯಲ್ಲೇ ಬರೆಸಿ. ನಾನು ಬರೆಸುವುದು ಹೆಚ್ಚುಕಡಿಮೆ ಹೀಗಿರುತ್ತದೆ:

‘ಕುಡಿಯಬೇಕು ಅನ್ನಿಸಿದರೆ ಅಕ್ಕನಿಗೆ ಫೋನ್ ಮಾಡುತ್ತೇನೆ. ಏಕೆ ಅಂತ ಅಕ್ಕ ಕೇಳುವುದಿಲ್ಲ, ಬರುತ್ತಾಳೆ. ಕುಡಿದುಬಿಟ್ಟರೂ ಫೋನ್ ಮಾಡುತ್ತೇನೆ. ಆ ರಾತ್ರಿ ಮಕ್ಕಳು ಅಕ್ಕನ ಮನೆಯಲ್ಲಿ ಮಲಗುತ್ತಾರೆ. ಅಕ್ಕ ಊರಲ್ಲಿಲ್ಲದಿದ್ದರೆ ಇಂಥವರ ಮನೆಯಲ್ಲಿ. ಆ ರಾತ್ರಿ ನನಗೆ ಯಾರೂ ಬೈಯುವುದಿಲ್ಲ. ಮಾರನೇ ದಿನ ನಾನು ಆಸ್ಪತ್ರೆಗೆ ಹೋಗುತ್ತೇನೆ. ಮಕ್ಕಳು ಯಾವಾಗ ವಾಪಸ್ ಬರಬೇಕು ಅಂತ ಡಾಕ್ಟರನ್ನು ಕೇಳಿ ಇಬ್ಬರೂ ಸೇರಿ ತೀರ್ಮಾನ ಮಾಡುತ್ತೇವೆ. ಮಕ್ಕಳನ್ನು ಶಾಶ್ವತವಾಗಿ ಕಿತ್ತುಕೊಳ್ಳುತ್ತೇನೆ ಅಂತ ಅಕ್ಕ ಹೆದರಿಸುವುದಿಲ್ಲ.’

ಕೊನೆಯ ಸಾಲು ನಿಮಗೆ ಕಷ್ಟ ಅನ್ನಿಸಬಹುದು. ಆದರೆ ಅದಿಲ್ಲದಿದ್ದರೆ ಇಡೀ ಹಾಳೆ ವ್ಯರ್ಥ. ಮಕ್ಕಳು ಹೋಗಿಬಿಡುತ್ತಾರೆ ಅನ್ನುವ ಭಯ ಇರುವ ತಾಯಿ ಕುಡಿದದ್ದನ್ನು ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಮನೆಯಲ್ಲೇ ಮಕ್ಕಳಿಗೆ ಅಪಾಯ: ಒಲೆ ಉರಿಯುತ್ತಿರುತ್ತದೆ, ಬಾಗಿಲು ತೆರೆದಿರುತ್ತದೆ, ಚಿಕ್ಕವನು ರಸ್ತೆಯಲ್ಲಿರುತ್ತಾನೆ. ಹಾಳೆಯನ್ನು ಅಡುಗೆಮನೆ ಬೀರುವಿನ ಬಾಗಿಲ ಒಳಗಡೆ ಅಂಟಿಸಿ. ಬಂದವರಿಗೆ ಕಾಣಬಾರದು, ಅವಳಿಗೆ ದಿನಾ ಕಾಣಬೇಕು.

ಇನ್ನೊಂದು ವಿಷಯವನ್ನು ಅದರ ಹಿಂದೆಯೇ ಬರೆದಿಡಿ. ಅವಳು ನಾಲ್ಕಾರು ದಿನ ಸತತ ಕುಡಿದು ತಟ್ಟನೆ ನಿಲ್ಲಿಸಿದರೆ ಮನೆಯಲ್ಲಿ ಕೂಡಿಹಾಕಿ ‘ತಾನಾಗೇ ಸರಿಹೋಗ್ತಾಳೆ’ ಅಂತ ಬಿಡಬೇಡಿ. ಕೈನಡುಕ, ಬೆವರು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಮಾತಾಡುವುದು ಶುರುವಾದರೆ ಅದು ದೆವ್ವವೂ ಅಲ್ಲ, ನಾಟಕವೂ ಅಲ್ಲ, ಎಮರ್ಜೆನ್ಸಿ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಗಳ ಬಗ್ಗೆ ನೀವು ಜಾಸ್ತಿ ಬರೆದಿಲ್ಲ. ಎಂಟು ವರ್ಷದವಳು ಜಾಣೆ, ತಮ್ಮನನ್ನು ಚೆನ್ನಾಗಿ ನೋಡ್ಕೋತಾಳೆ ಅಂತ ಸಮಾಧಾನ ಪಟ್ಟುಕೊಂಡಿರಬಹುದು. ನನಗೆ ಅದೇ ಚಿಂತೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ತಾಯಿಯ ಮಗಳು ಶಾಲೆಯಿಂದ ಬಂದವಳೇ ಚಪ್ಪಲಿ ಬಿಡುವ ಮುಂಚೆ ಅಮ್ಮನ ಬಾಯಿ ಮೂಸುತ್ತಿದ್ದಳು. ಆಮೇಲೆ ಅಕ್ಕಿ ಡ್ರಮ್ಮಿಗೆ ಮೊಣಕೈತನಕ ಕೈ ಹಾಕಿ ಹುಡುಕುತ್ತಿದ್ದಳು. ಏನೂ ಸಿಗದಿದ್ದರೆ ಕೈ ಝಾಡಿಸಿ ಊಟಕ್ಕೆ ಕೂರುತ್ತಿದ್ದಳು. ಅಮ್ಮ ಬಿಟ್ಟು ಎಷ್ಟೋ ತಿಂಗಳಾದ ಮೇಲೂ ಇದು ನಡೆದೇ ಇತ್ತು. ಇಂಥ ಮಗುವಿಗೆ ‘ಅಮ್ಮನ ಮೇಲೆ ಒಂದು ಕಣ್ಣಿಟ್ಟಿರು’ ಅಂತ ದೊಡ್ಡವರು ಹೇಳುವುದು ಮಹಾ ತಪ್ಪು. ಕಾವಲು ಕಾಯುವುದು ನಿಮ್ಮ ಕೆಲಸ, ಅವಳದ್ದಲ್ಲ. ಅವಳಿಗೆ ಗೊತ್ತಿರಬೇಕಾದ್ದು ಇಷ್ಟೇ: ಅಮ್ಮನಿಗೆ ಕಾಯಿಲೆ ಇತ್ತು, ಔಷಧ ತಗೋತಿದ್ದಾಳೆ, ಇದು ನಿನ್ನಿಂದ ಬಂದದ್ದಲ್ಲ, ಭಯ ಆದರೆ ದೊಡ್ಡಮ್ಮನಿಗೆ ಈ ನಂಬರಿಗೆ ಫೋನ್ ಮಾಡು. ನಿಮ್ಮ ನಂಬರ್ ಅವಳಿಗೆ ಬಾಯಿಪಾಠ ಆಗಲಿ, ಜೊತೆಗೆ ಮಕ್ಕಳ ಸಹಾಯವಾಣಿ 1098 ಕೂಡ.

ಶಾಲೆ ಬಿಡಿಸಬೇಡಿ. ಟಿಸಿ ಇಲ್ಲ, ವರ್ಷದ ಮಧ್ಯೆ ಬಂದಿದ್ದೀರಿ ಅಂತ ಯಾರಾದರೂ ರಾಗ ಎಳೆದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತು ಅಂತ ಪ್ರವೇಶ ನಿಲ್ಲಿಸುವಂತಿಲ್ಲ ಅಂತ ಹೇಳಿ. ಚಿಕ್ಕವನಿಗೆ ಮೂರು ತುಂಬಿದ ಮೇಲೆ ಅಂಗನವಾಡಿ ಇದೆ. ಬೆಳಿಗ್ಗೆ ಮಕ್ಕಳನ್ನು ಬಿಟ್ಟು, ಮಧ್ಯಾಹ್ನ ಕರೆದುಕೊಂಡು ಬರುವ ಕೆಲಸ ಅವಳಿಗೇ ಇರಲಿ. ದಿನಕ್ಕೊಂದು ಆಕಾರ ಬರುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ಒಂದೆರಡು ತಿಂಗಳು ತಡೆದು ಹೋದರೂ ನಷ್ಟವಿಲ್ಲ, ಆದರೆ ದುಡ್ಡಿಲ್ಲದೆ ಮನೆ ನಡೆಯುವುದಿಲ್ಲವಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಅಡ್ವಾನ್ಸ್ ನೀವು ಕೊಡಬಹುದು, ತಿಂಗಳ ಬಾಡಿಗೆ ಎಲ್ಲ ನಿಮ್ಮ ತಲೆ ಮೇಲೆ ಬೀಳಬಾರದು. ಅವಳ ಹೆಸರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅದು ಯಾರ ಕೈ ಸೇರುತ್ತಿದೆ ನೋಡಿ. ಪಾಸ್‌ಬುಕ್, ಎಟಿಎಂ ಗಂಡನ ಹತ್ತಿರವೇ ಇರುವುದು ಮಾಮೂಲಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ಭಾಗ ಇದೆ. ಗಂಡ ಬಿಟ್ಟವರು, ವಿಧವೆಯರು, ತಂದೆತಾಯಿ ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲದ ಮಕ್ಕಳು, ಹೀಗೆ ಕೆಲವು ಗುಂಪುಗಳಿಗೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ತಕ್ಷಣ ಬರುವ ದುಡ್ಡಲ್ಲ, ಓಡಾಡಬೇಕು. ಮಕ್ಕಳನ್ನು ಬಾಲಮಂದಿರಕ್ಕೆ ಸೇರಿಸಿ ಅನ್ನುವ ಸಲಹೆಯೂ ಅಲ್ಲೇ ಬರಬಹುದು. ಬಾಲನ್ಯಾಯ ಕಾಯ್ದೆಯಲ್ಲೇ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಅಂತಿದೆ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ಫಾಲೋಅಪ್‌ಗೆ ಬಸ್ ಚಾರ್ಜು ಇಲ್ಲ ಅನ್ನುವ ನೆಪ ಮಾತ್ರ 2023ರ ಜೂನ್‌ನಿಂದ ನಮ್ಮ ಹೆಂಗಸರಿಗೆ ಉಳಿದಿಲ್ಲ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ಉಚಿತ. ಕುಡಿತದ ಚಿಕಿತ್ಸೆಗೆ ಇದರಿಂದ ಆದ ಉಪಕಾರವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ!

ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಸಂಬಳದ ದಿನ ಹುಷಾರು. ಕುಡಿತಕ್ಕೆ ಎಳೆಯುವ ದಿನಗಳಲ್ಲಿ ಅದೇ ಮೊದಲನೆಯದು. ಅವತ್ತೇ ಬಾಡಿಗೆ, ರೇಷನ್, ಶಾಲೆ ಖರ್ಚು ಕಟ್ಟಿಬಿಡುವ ರೂಢಿ ಮಾಡಿಕೊಂಡರೆ ಕೈಯಲ್ಲಿ ಓಡಾಡುವ ದುಡ್ಡು ಕಡಿಮೆ ಇರುತ್ತದೆ. ಆದರೆ ಅವಳ ಎಟಿಎಂ ಕಾರ್ಡನ್ನು ಕಿತ್ತಿಟ್ಟುಕೊಳ್ಳಬೇಡಿ. ಗಂಡ ಮಾಡಿದ್ದನ್ನೇ ಅಕ್ಕ ಮಾಡಿದಂತಾಗುತ್ತದೆ.

ಗಂಡನ ಬಗ್ಗೆ. ಅವನು ಹೊಡೆಯುತ್ತಾನೆ, ಮನೆಯಲ್ಲಿ ಕುಡಿಯುತ್ತಾನೆ ಅಂದಮೇಲೆ ‘ಸಂಸಾರ ಅಂದಮೇಲೆ ಹೊಂದಿಕೊಂಡು ಹೋಗಬೇಕು’ ಅಂತ ಯಾರು ಹೇಳಿದರೂ ಅಲ್ಲಿಗೆ ವಾಪಸ್ ಕಳಿಸಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕೆಳಗೆ ಮ್ಯಾಜಿಸ್ಟ್ರೇಟರು ಅವನನ್ನೇ ಮನೆಯಿಂದ ಹೊರಗಿರು ಅನ್ನಬಹುದು. ಅಥವಾ ಅವಳಿಗೆ ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲವೇ ಬಾಡಿಗೆ ಕಟ್ಟು ಅಂತ ಆದೇಶ ಮಾಡಬಹುದು. ಹೆಚ್ಚಿನವರಿಗೆ ಈ ಬಾಡಿಗೆಯ ಮಾತು ಗೊತ್ತೇ ಇರುವುದಿಲ್ಲ. ವಕೀಲರಿಗೆ ದುಡ್ಡು ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಅವನು ಸುಮ್ನೆ ಇರುವುದಿಲ್ಲ. ‘ಕುಡುಕಿ ಹತ್ತಿರ ಮಕ್ಕಳಿರಬಾರದು’ ಅಂತ ಕೋರ್ಟಿಗೆ ಹೋಗಬಹುದು. ಹಿಂದೂ ಕಾನೂನಿನಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತಿದೆ. ಆದರೆ ಕೊನೆಗೆ ಕೋರ್ಟು ನೋಡುವುದು ಮಗುವಿನ ಹಿತವನ್ನೇ. ಅದಕ್ಕೆ ಒಂದು ಫೈಲ್ ಮಾಡಿ. ಡಿಸ್ಚಾರ್ಜ್ ಸಮ್ಮರಿ, ಪ್ರತಿ ಫಾಲೋಅಪ್ ಚೀಟಿ, ಮಗಳ ಹಾಜರಿ, ಚಿಕ್ಕವನ ಲಸಿಕೆ ಕಾರ್ಡ್, ಬಾಡಿಗೆ ಕಟ್ಟಿದ ರಸೀದಿ. ಚಿಕಿತ್ಸೆ ತೆಗೆದುಕೊಂಡದ್ದನ್ನು ಮುಚ್ಚಿಟ್ಟು ಕೋರ್ಟಲ್ಲಿ ಸಿಕ್ಕಿಬೀಳುವುದಕ್ಕಿಂತ, ತಾನೇ ಹೋಗಿ ಚಿಕಿತ್ಸೆ ತೆಗೆದುಕೊಂಡೆ ಅಂತ ಹೇಳುವ ತಾಯಿಯ ಮಾತು ಗಟ್ಟಿ.

ಅವಳಿಗೂ ಮಾತಾಡಲು ಜನ ಬೇಕು. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗ್‌ಗಳು ಉಚಿತ, ಕನ್ನಡದಲ್ಲೂ ನಡೆಯುತ್ತವೆ. ಗಂಡಸರೇ ಜಾಸ್ತಿ ಇರುವ ಮೀಟಿಂಗ್ ಅವಳಿಗೆ ಮುಜುಗರ ಆದರೆ ಫೋನಿನಲ್ಲೇ ಕೂರುವ ಹೆಂಗಸರ ಮೀಟಿಂಗ್ ವಿಚಾರಿಸಿ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೇ ಅಂತ 14446 ಇದೆ. ನೀವೂ ಒಬ್ಬರ ಹತ್ತಿರ ಮಾತಾಡಿ. ಎರಡು ಮನೆ, ನಾಲ್ಕು ಜನರ ಭಾರ ಹೊತ್ತ ಅಕ್ಕಂದಿರು ಆರನೇ ತಿಂಗಳಿಗೆ ಕುಸಿದು ಕೂತಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಓನರ್ ವಿಷಯ. ಹೇಳಲೇಬೇಕು ಅಂತ ಕಾನೂನಿಲ್ಲ, ಅವಳ ಚಿಕಿತ್ಸೆಯ ವಿವರ ಅವಳದ್ದು. ‘ತಂಗಿಗೆ ಆರೋಗ್ಯ ಸರಿ ಇರಲಿಲ್ಲ, ಈಗ ಚೇತರಿಸಿಕೊಳ್ತಿದ್ದಾಳೆ, ಗಂಡನ ಜೊತೆ ಸರಿಹೋಗಲಿಲ್ಲ’ ಅಂದರೆ ಸುಳ್ಳಾಗುವುದಿಲ್ಲ. ಗಂಡನ ವಿಷಯ ಮಾತ್ರ ಬಿಡಿಸಿ ಹೇಳಿ, ಅವನು ಬಂದು ಗಲಾಟೆ ಮಾಡಿದ ದಿನ ಓನರ್ ನಿಮ್ಮ ಕಡೆ ಇರಬೇಕಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್‌ನಲ್ಲಿ ಅವಳ ಹೆಸರಿನ ಜೊತೆ ನಿಮ್ಮ ಹೆಸರೂ ಇರಲಿ. ಓನರ್ ಮನೆಯಾಕೆ ಮೇಲಿನ ಮಹಡಿಯಲ್ಲೇ ಇರುವವರಾದರೆ ಒಂದು ಸಂಜೆ ಹೋಗಿ ಕಾಫಿ ಕುಡಿದು ಬನ್ನಿ. ಏನೇ ಇದ್ದರೂ, ಎಷ್ಟು ಹೊತ್ತಾದರೂ ಮೊದಲು ನನಗೆ ಫೋನ್ ಮಾಡಿ ಅಂತ ನಂಬರ್ ಕೊಟ್ಟಿರಿ.